ಎರವಲು ಮಾತು, ಸ್ವಂತ ಸಹಿ

(ಸಂಘದ ಸಭೆಯಲ್ಲಿ ನೀಡಿದ ಉಪನ್ಯಾಸದ ಪಾಠ)



ಸಾಹಿತ್ಯದಲ್ಲಿ ಪರರ ಮಾತನ್ನು ತನ್ನದೆಂದು ಹೇಳಿಕೊಂಡರೆ ಅದು ಕೃತಿಚೌರ್ಯ. ನ್ಯಾಯಾಲಯದಲ್ಲಾದರೋ ಪರರ ಮಾತಿಗೇ ಬೆಲೆ ಹೆಚ್ಚು. ಪೂರ್ವನಿರ್ಣಯಗಳ ಬಲವಿಲ್ಲದೆ ವಾದ ನಿಲ್ಲುವುದು ಕಷ್ಟ; ಅರ್ಜಿಗಳನ್ನು ಹಳೆಯ ಮಾದರಿಗಳಂತೆ ಬರೆಯುವುದೂ ವಾಡಿಕೆಯೇ. ಹಾಗಾದರೆ ವಕೀಲನಿಗೆ ದೋಷ ತಟ್ಟುವುದು ಎಲ್ಲಿ?

ಈಸ್ಟರ್ನ್ ಬುಕ್ ಕಂಪನಿಯ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2007ರಲ್ಲಿ ಒಂದು ಗೆರೆಯನ್ನು ಎಳೆಯಿತು. ತೀರ್ಪಿನ ಮೂಲಪಾಠ ಸರ್ವರ ಸ್ವತ್ತು. ಸಂಪಾದಕರು ತಮ್ಮ ವಿವೇಚನೆಯಿಂದ ಸೇರಿಸಿದ್ದು ಅವರದು. ಕಾನೂನು ಎಲ್ಲರದು, ದುಡಿಮೆ ದುಡಿದವನದು ಎಂಬುದೇ ಇದರ ತಾತ್ಪರ್ಯ.

ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2018ರ ನಿಯಮಗಳು ನಕಲನ್ನು ಶೇಕಡಾವಾರು ಅಳೆಯುತ್ತವೆ. ಪ್ರಬಂಧದಲ್ಲಿ ಶೇ. 10ರವರೆಗಿನ ಸಾಮ್ಯಕ್ಕೆ ದಂಡನೆಯಿಲ್ಲ; ಶೇ. 60 ಮೀರಿದರೆ ವಿದ್ಯಾರ್ಥಿಯ ನೋಂದಣಿಯೇ ರದ್ದು. ವೃತ್ತಿಯಲ್ಲಿ ಇಂಥ ಅಳತೆ ಸಾಲದು. ಅಲ್ಲಿ ಒಂದೇ ಒಂದು ವಾಕ್ಯವೂ ಕೇಡು ತರಬಲ್ಲದು.

ಕೆಲವು ವರ್ಷಗಳ ಹಿಂದೆ, ಇಲಾಖೆಯ ಪರವಾಗಿ ನಾನು ಸಹಿ ಮಾಡಬೇಕಾದ ಪ್ರಮಾಣಪತ್ರವೊಂದು ವಕೀಲರ ಕಚೇರಿಯಿಂದ ಬಂದಿತು. ನಿವೃತ್ತ ನೌಕರರೊಬ್ಬರ ಪಿಂಚಣಿಯ ವ್ಯಾಜ್ಯವದು. ಅವರು ಹಿಂದೆ ಶಿಸ್ತುಕ್ರಮಕ್ಕೆ ಒಳಗಾಗಿದ್ದರೆಂದು ಅದರಲ್ಲಿತ್ತು. ಅಂಥದ್ದೇನೂ ನಡೆದಿರಲಿಲ್ಲ! ಬೇರೊಬ್ಬರ ಪ್ರಕರಣದ ಪ್ಯಾರಾ ಹಾಗೆಯೇ ಇಳಿದು ಬಂದಿತ್ತು. ಮೊದಲ ಓದಿನಲ್ಲಿ ನಾನೂ ಅದನ್ನು ಗಮನಿಸಲಿಲ್ಲ, ಲೇಖನಿಯನ್ನು ಕೈಗೆತ್ತಿಕೊಂಡಿದ್ದೆ. ಕಡತ ತಂದಿದ್ದ ಗುಮಾಸ್ತರು ತಡೆದರು. ಇಲ್ಲದಿದ್ದರೆ ಒಬ್ಬ ವೃದ್ಧರ ಮಾನಕ್ಕೆ ನನ್ನ ಸಹಿಯೇ ಕಳಂಕವಾಗುತ್ತಿತ್ತು.

ಈಗ ನಕಲಿಗೆ ಮೂಲವೇ ಇರಬೇಕೆಂದಿಲ್ಲ. 2023ರಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯವೊಂದು ಇಬ್ಬರು ವಕೀಲರಿಗೂ ಅವರ ಸಂಸ್ಥೆಗೂ ಒಟ್ಟಾಗಿ 5,000 ಡಾಲರ್ ದಂಡ ವಿಧಿಸಿತು. ಚಾಟ್‌ಜಿಪಿಟಿ ಹೆಣೆದುಕೊಟ್ಟ, ಎಂದೂ ಇಲ್ಲದ ತೀರ್ಪುಗಳನ್ನು ಅವರು ಉಲ್ಲೇಖಿಸಿದ್ದರು. ಯಂತ್ರವನ್ನು ಬಳಸಿದ್ದು ತಪ್ಪೆಂದು ನ್ಯಾಯಾಲಯ ಹೇಳಲಿಲ್ಲ. ಪರೀಕ್ಷಿಸದೆ ಮಂಡಿಸಿದ್ದು, ಪ್ರಶ್ನೆ ಬಂದ ಮೇಲೂ ಸಮರ್ಥಿಸಿಕೊಂಡದ್ದು ತಪ್ಪೆಂದಿತು.

ನಮ್ಮಲ್ಲಿ 1961ರ ವಕೀಲರ ಅಧಿನಿಯಮದ 35ನೇ ಕಲಮು ವೃತ್ತಿದುರ್ನಡತೆಗೆ ಛೀಮಾರಿಯಿಂದ ಹಿಡಿದು ಪಟ್ಟಿಯಿಂದ ಹೆಸರು ತೆಗೆಯುವವರೆಗೆ ಶಿಕ್ಷೆಯನ್ನು ಹೇಳಿದೆ. ಆದರೆ ಶಿಕ್ಷೆಯ ಭಯಕ್ಕಿಂತ ಅಭ್ಯಾಸ ದೊಡ್ಡದು. ಓದದ ಗ್ರಂಥವನ್ನು ಅಡಿಟಿಪ್ಪಣಿಯಲ್ಲಿ ಕಾಣಿಸಿದ ವಿದ್ಯಾರ್ಥಿಗೆ, ಮುಂದೆ ಓದದ ತೀರ್ಪನ್ನು ನ್ಯಾಯಾಧೀಶರ ಮುಂದಿಡಲು ಸಂಕೋಚವಾಗದು.

ಪರಭಾಷಾ ಪ್ರಾಂತದಲ್ಲಿ ನೆಲೆಸಿರುವ ನಮ್ಮಲ್ಲಿ ಅನೇಕರು, ಓದಲು ಬಾರದ ಲಿಪಿಯ ಕಾಗದಕ್ಕೆ ವಕೀಲರನ್ನು ನಂಬಿ ಸಹಿ ಹಾಕಿದವರೇ. ಆ ನಂಬಿಕೆಯ ಬೆಲೆಯನ್ನು ನಾವು ಬಲ್ಲೆವು. ಯುವಮಿತ್ರರೇ, ಎರವಲು ತನ್ನಿ. ಯಾರಿಂದ ತಂದಿರೆಂದು ಹೇಳಿ. ತಂದದ್ದನ್ನು ಪೂರ್ತಿ ಓದಿ. ಆಮೇಲೆ ಸಹಿ ಹಾಕಿ.