ಸೂಜಿಯ ಭಯವೂ ನಾಯಿ ಕಡಿತವೂ

(ಕೊಡಿಗೇನಹಳ್ಳಿಯ ರೈತರ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಬಿತ್ತನೆ, ಗೊಬ್ಬರ, ಕಡಲೆಕಾಯಿ ಬೆಳೆಗೆ ಬರುವ ರೋಗ, ಇವುಗಳ ಮಾತನ್ನು ನನ್ನಿಂದ ನೀವು ಬಹಳ ಸಾರಿ ಕೇಳಿದ್ದೀರಿ. ಈ ಹೊತ್ತು ಅದನ್ನು ಬದಿಗಿಟ್ಟು ಸೂಜಿಮದ್ದಿನ ವಿಷಯ ನಾಲ್ಕು ಮಾತು ಹೇಳುತ್ತೇನೆ. "ಬೆಳೆ ಬಿಟ್ಟು ಇಂಜೆಕ್ಷನ್ನಿಗೆ ಬಂದನಲ್ಲ" ಎಂದು ನಗಬೇಡಿ. ಅದಕ್ಕೆ ಕಾರಣ ಉಂಟು.

ಈಚೆಗೆ ನಮ್ಮ ಸುತ್ತಿನ ಒಂದು ಹಳ್ಳಿಯಲ್ಲಿ ಕುರಿ ಸಾಕುವ ಹಿರಿಯರೊಬ್ಬರಿಗೆ ರೊಪ್ಪದ ಬಳಿ ನಾಯಿ ಕಚ್ಚಿತು. ಮೀನಖಂಡದಲ್ಲಿ ಹಲ್ಲು ನಾಟಿದ ಗುರುತು. ಅವರು ಅದಕ್ಕೆ ಸುಣ್ಣ ಮೆತ್ತಿ, ಮೇಲೆ ಪಂಚೆ ಇಳಿಬಿಟ್ಟು, ಮನೆಯವರಿಗೂ ಹೇಳದೆ ಎರಡು ದಿನ ಕಳೆದರು. ಮೂರನೆಯ ದಿನ ಮಗಳ ಕಣ್ಣಿಗೆ ಬಿತ್ತು. ಕುರಿಗಳ ಲಸಿಕೆಯ ವಿಷಯ ಮಾತನಾಡಲು ಹೋಗಿದ್ದ ನಾನು, "ಯಾಕೆ ತಡಮಾಡಿದಿರಿ?" ಎಂದು ಕೇಳಿದೆ. "ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ! ನಮ್ಮಣ್ಣ ಹಾಕಿಸಿಕೊಂಡದ್ದನ್ನು ಕಣ್ಣಾರೆ ಕಂಡಿದ್ದೇನೆ. ಅದಕ್ಕಿಂತ ನಾಯಿಯೇ ವಾಸಿ" ಎಂದರು. ರಾತ್ರಿ ಒಂದು ಕೋಲು ಹಿಡಿದು ಒಬ್ಬರೇ ಮಂದೆ ಕಾಯುವ ಮನುಷ್ಯ ಅವರು. ಅಂಜುಬುರುಕರೆಂದು ಯಾರೂ ಹೇಳುವಂತಿಲ್ಲ. ಆದರೂ ಸೂಜಿ ಎಂದರೆ ಅವರ ಕೈ ನಡುಗಿತು.

ಅವರು ಕಂಡದ್ದು ಸುಳ್ಳಲ್ಲ. 1885ರಲ್ಲಿ ಫ್ರಾನ್ಸ್ ದೇಶದ ಲೂಯಿ ಪಾಶ್ಚರ್ ಹುಚ್ಚುನಾಯಿ ಕಚ್ಚಿದ ಒಂಬತ್ತು ವರ್ಷದ ಹುಡುಗನಿಗೆ 13 ಸಾರಿ ಸೂಜಿಮದ್ದು ಕೊಟ್ಟು ಉಳಿಸಿದನು. ನಮ್ಮ ದಕ್ಷಿಣ ಸೀಮೆಗಾಗಿ 1907ರಲ್ಲಿ ಕೂನೂರಿನಲ್ಲಿ ಪಾಶ್ಚರ್ ಸಂಸ್ಥೆ ಆರಂಭವಾಯಿತು. ಆಮೇಲೆ ಬಹುಕಾಲ ನಮ್ಮ ದೇಶದಲ್ಲಿ ನಡೆದದ್ದು ಕುರಿಯ ಮಿದುಳಿನಿಂದ ತಯಾರಿಸಿದ ಮದ್ದು. ಅದನ್ನು ಹೆಚ್ಚು ಪ್ರಮಾಣದಲ್ಲಿ, ದಿನಕ್ಕೊಂದರಂತೆ, ಹೊಟ್ಟೆಯ ಚರ್ಮಕ್ಕೇ ಕೊಡಬೇಕಾಗಿತ್ತು. ಹಾಕಿಸಿಕೊಂಡ ಜಾಗ ಊದಿ ನೋಯುತ್ತಿತ್ತು. ಆ ಕಾಲದವರ ಭಯಕ್ಕೆ ಆಧಾರ ಇತ್ತು.

ಆದರೆ ಆ ಮದ್ದು ಈಗ ಇಲ್ಲ. 2005ರ ಹೊತ್ತಿಗೆ ನಮ್ಮ ದೇಶದಲ್ಲಿ ಅದರ ಬಳಕೆಯೇ ನಿಂತಿತು. ಮದ್ದು ಹೋಯಿತು, ಅದರ ಭಯ ಮಾತ್ರ ಉಳಿದುಕೊಂಡಿದೆ. ಈ ದಿನ ನಾನು ಮುಖ್ಯವಾಗಿ ಹೇಳಬೇಕಾದುದು ಇದನ್ನೇ.

ಈಗಿನ ಕ್ರಮವನ್ನು ಕೇಳಿರಿ. ಸೂಜಿ ಹೊಟ್ಟೆಗೂ ಅಲ್ಲ, ಸೊಂಟಕ್ಕೂ ಅಲ್ಲ, ತೋಳಿಗೆ. ಎಳೆಯ ಮಕ್ಕಳಿಗೆ ತೊಡೆಗೆ. ಚರ್ಮದೊಳಗೆ ಕೊಡುವ ಪದ್ಧತಿಯಲ್ಲಿ ಪ್ರತಿ ಸಾರಿಯೂ ಎರಡು ತೋಳಿಗೆ ಒಂದೊಂದು ಚುಚ್ಚು. ಒಂದೊಂದರಲ್ಲಿ ಹೋಗುವ ಮದ್ದು ಒಂದು ಮಿಲಿಲೀಟರಿನ ಹತ್ತನೆಯ ಒಂದು ಪಾಲು, ಎಂದರೆ ಸುಮಾರು ಎರಡು ತೊಟ್ಟು. ಹೀಗೆ ನಾಲ್ಕು ಸಾರಿ. ಮೊದಲನೆಯದು ಸೋಮವಾರ ಆದರೆ ಎರಡನೆಯದು ಅದೇ ವಾರದ ಗುರುವಾರ, ಮೂರನೆಯದು ಮುಂದಿನ ಸೋಮವಾರ, ಕೊನೆಯದು ನಾಲ್ಕು ವಾರ ತುಂಬಿದ ಸೋಮವಾರ. ಮಾಂಸಖಂಡಕ್ಕೆ ಕೊಡುವ ಇನ್ನೊಂದು ಪದ್ಧತಿಯಲ್ಲಿ ಒಂದು ಸಾರಿಗೆ ಒಂದೇ ಚುಚ್ಚು. ಎರಡು ವಾರ ತುಂಬಿದ ದಿನವೂ ಒಂದು ಸೇರಿ ಒಟ್ಟು ಐದು. ಯಾವುದು ಎಂಬುದನ್ನು ಆಸ್ಪತ್ರೆಯವರು ಹೇಳುತ್ತಾರೆ. ಬಸುರಿಯರೂ ಬಾಣಂತಿಯರೂ ತೆಗೆದುಕೊಳ್ಳಬಹುದು. ಪಥ್ಯವೇನೂ ಇಲ್ಲ.

ಗಾಯ ಆಳವಾಗಿದ್ದು ರಕ್ತ ಬಂದಿದ್ದರೆ, ಮೊದಲ ದಿನವೇ ಗಾಯದ ಒಳಗೂ ಸುತ್ತಲೂ ಸೀರಂ ಎಂಬ ಮತ್ತೊಂದು ಮದ್ದನ್ನು ಚುಚ್ಚುತ್ತಾರೆ. ಇದು ನೋಯುತ್ತದೆ. ನೋಯುವುದಿಲ್ಲವೆಂದು ಹೇಳಿ ನಿಮ್ಮನ್ನು ಮೋಸಪಡಿಸಲಾರೆ. ಆದರೆ ಲಸಿಕೆಯ ಬಲ ಮೈಯಲ್ಲಿ ಹುಟ್ಟುವವರೆಗೆ ಗಾಯದ ಬಾಗಿಲಲ್ಲಿ ಕಾವಲು ನಿಲ್ಲುವುದು ಇದೇ. ಕೆಲವು ನಿಮಿಷದ ನೋವು ಒಂದು ಕಡೆ. ರೋಗ ಕಾಣಿಸಿಕೊಂಡ ಮೇಲೆ ಉಳಿಸುವ ಮದ್ದೇ ಇಲ್ಲದ ಹುಚ್ಚುನಾಯಿ ರೋಗ ಇನ್ನೊಂದು ಕಡೆ. ತಕ್ಕಡಿ ನೀವೇ ಹಿಡಿಯಿರಿ.

ನಾಯಿ ಕಚ್ಚಿದ ಕೂಡಲೆ ಮಾಡಬೇಕಾದುದು ಇಷ್ಟು. ಸಾಬೂನು ಹಚ್ಚಿ, ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ಗಾಯ ತೊಳೆಯಿರಿ. ಪಂಪ್‌ಸೆಟ್ಟಿನ ನೀರಾದರೂ ಸರಿ. ಸುಣ್ಣ, ಖಾರದಪುಡಿ, ಎಣ್ಣೆ ಏನನ್ನೂ ಮೆತ್ತಬೇಡಿ. ಬಿಗಿಯಾಗಿ ಕಟ್ಟಬೇಡಿ. ಅಂದೇ ಆಸ್ಪತ್ರೆಗೆ ಹೋಗಿರಿ. ನಾಯಿ ಸಾಯುತ್ತದೋ ಬದುಕುತ್ತದೋ ನೋಡೋಣ ಎಂದು ಕಾಯಬೇಡಿ. ಪರಚಿದರೂ ಹೋಗಿರಿ. ತಡವಾಗಿದ್ದರೂ "ಇನ್ನೇನು ಪ್ರಯೋಜನ" ಎನ್ನದೆ ಹೋಗಿರಿ. ರೋಗ ತಲೆಯೆತ್ತಲು ವಾರಗಳು, ತಿಂಗಳುಗಳು ಹಿಡಿಯುವುದರಿಂದ ತಡವಾಗಿ ಹೋದವರಿಗೂ ಮದ್ದು ಕೊಡುತ್ತಾರೆ.

ಇಷ್ಟೆಲ್ಲಾ ತಿಳಿದ ಮೇಲೂ ಸೂಜಿ ಕಂಡರೆ ಎದೆ ಡವಡವ ಎನ್ನುವವರು ಇದ್ದಾರೆ. ಅವರಲ್ಲಿ ನಾನೂ ಒಬ್ಬ. ಕೃಷಿ ಡಿಪ್ಲೊಮಾ ಓದುವಾಗ ಗುದ್ದಲಿ ತಗಲಿ ಕಾಲು ಸೀಳಿತು. ಧನುರ್ವಾಯುವಿನ ಸೂಜಿಗೆ ಸಾಲಿನಲ್ಲಿ ನಿಂತವನು, ನನ್ನ ಸರದಿ ಬರುವ ಮೊದಲೇ ಕುಸಿದು ಬಿದ್ದೆ. ಗೆಳೆಯರು ವರ್ಷವೆಲ್ಲಾ ನಕ್ಕರು. ನಾನೂ ಅದು ನನ್ನ ಹೇಡಿತನವೆಂದೇ ತಿಳಿದಿದ್ದೆ.

ಅದು ಹೇಡಿತನವಲ್ಲ. ಕೆಲವರ ದೇಹಕ್ಕೆ ರಕ್ತವನ್ನೋ ಸೂಜಿಯನ್ನೋ ಕಂಡರೆ ಒಂದು ವಿಚಿತ್ರ ಸ್ವಭಾವ. ಎದೆಬಡಿತವೂ ರಕ್ತದ ಒತ್ತಡವೂ ಮೊದಲು ಏರಿ, ಆಮೇಲೆ ಥಟ್ಟನೆ ಇಳಿಯುತ್ತವೆ. ತಲೆಗೆ ರಕ್ತ ಸಾಲದಾಗುತ್ತದೆ. ಕಣ್ಣು ಕತ್ತಲೆ, ತಣ್ಣನೆಯ ಬೆವರು, ಆಮೇಲೆ ನೆಲ. ಇದು ಒಂದೇ ಮನೆತನದ ಹಲವರಲ್ಲಿ ಕಂಡುಬರುವುದೂ ಉಂಟು.

ಇದಕ್ಕೆ ಒಂದು ಉಪಾಯವನ್ನು ಸ್ವೀಡನ್ ದೇಶದ ಮನೋವಿಜ್ಞಾನಿಗಳು 1980ರ ದಶಕದಲ್ಲಿ ರೂಪಿಸಿದರು. ನಮಗೆ ಅದು ಬಹಳ ಸುಲಭ. ಬಾವಿಯಿಂದ ತುಂಬಿದ ಕೊಡ ಸೇದುವಾಗ ಮೈ ಹೇಗೆ ಬಿಗಿಯುತ್ತೀರಿ? ಹಾಗೆಯೇ ಕುಳಿತಲ್ಲಿ ಕೈ, ಕಾಲು, ಹೊಟ್ಟೆಯ ಸ್ನಾಯುಗಳನ್ನು ಬಿಗಿಹಿಡಿಯಿರಿ. ಹತ್ತು ಹದಿನೈದು ಎಣಿಸುವಷ್ಟರಲ್ಲಿ ಮುಖ ಬೆಚ್ಚಗಾಗುತ್ತದೆ. ಆಗ ಸಡಿಲಬಿಡಿ, ಇಪ್ಪತ್ತು ಮೂವತ್ತು ಎಣಿಸಿ. ಮತ್ತೆ ಬಿಗಿಯಿರಿ. ಹೀಗೆ ಐದು ಸಾರಿ. ಇದರಿಂದ ರಕ್ತದ ಒತ್ತಡ ಇಳಿಯದೆ ನಿಲ್ಲುತ್ತದೆ. ಮನೆಯಲ್ಲಿಯೇ ನಾಲ್ಕು ದಿನ ಅಭ್ಯಾಸ ಮಾಡಿ. ಸೂಜಿ ಹಾಕುವ ತೋಳನ್ನು ಮಾತ್ರ ಸಡಿಲವಾಗಿಡಿ. ಬಿಗಿಯಾದ ತೋಳಿಗೆ ನೋವು ಹೆಚ್ಚು. ಹೃದ್ರೋಗ, ರಕ್ತದೊತ್ತಡ ಇರುವವರೂ ಬಸುರಿಯರೂ ವೈದ್ಯರನ್ನು ಕೇಳದೆ ಇದನ್ನು ಮಾಡಬಾರದು. ಅವರು ಮಲಗಿಕೊಂಡು ಹಾಕಿಸಿಕೊಂಡರೆ ಸಾಕು.

ತಲೆ ತಿರುಗದೆ ಬರಿಯ ಹೆದರಿಕೆ ಇರುವವರು ನಿಧಾನವಾಗಿ ಉಸಿರು ಬಿಡಲಿ. ಸೂಜಿಯತ್ತ ನೋಡಬೇಡಿ. ಚುಚ್ಚುವ ಕ್ಷಣದಲ್ಲಿ ಒಮ್ಮೆ ಕೆಮ್ಮಿದರೆ ನೋವು ಕಡಿಮೆ ಎನಿಸುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, "ಅಮ್ಮಾ, ನನಗೆ ಭಯ, ಹಿಂದೆ ಬಿದ್ದಿದ್ದೇನೆ" ಎಂದು ದಾದಿಗೆ ಮೊದಲೇ ಹೇಳಿಬಿಡಿ. ಅವರು ಮಲಗಿಸಿ ಹಾಕುತ್ತಾರೆ. ಹೊಸ ಸಿರಿಂಜಿನ ಪೊಟ್ಟಣವನ್ನು ನಿಮ್ಮೆದುರಿಗೇ ಬಿಚ್ಚುವಂತೆ ಕೇಳಿದರೆ ತಪ್ಪಿಲ್ಲ. ಹಾಕಿಸಿಕೊಂಡ ಮೇಲೆ ಅರ್ಧ ಗಂಟೆ ಅಲ್ಲಿಯೇ ಕುಳಿತು ಬನ್ನಿ.

ತಾಯಂದಿರಿಗೆ ಒಂದು ಮಾತು. "ಗಲಾಟೆ ಮಾಡಿದರೆ ಸೂಜಿ ಚುಚ್ಚಿಸುತ್ತೇನೆ" ಎಂದು ಮಕ್ಕಳನ್ನು ಹೆದರಿಸಬೇಡಿ. ಸೂಜಿ ಶಿಕ್ಷೆಯೆಂದು ಕಲಿತ ಮಗು, ನಾಯಿ ಪರಚಿದ ದಿನ ನಿಮ್ಮಿಂದ ಮುಚ್ಚಿಡುತ್ತದೆ. ಬೆದರಿದ ಎತ್ತನ್ನು ಹೊಡೆದರೆ ಇನ್ನಷ್ಟು ಬೆದರುತ್ತದೆ, ಮೈದಡವಿದರೆ ನಿಲ್ಲುತ್ತದೆ. ಮಗುವೂ ಹಾಗೆಯೇ. ತೊಡೆಯ ಮೇಲೆ ಕೂರಿಸಿಕೊಳ್ಳಿ. ಕೂಸಾದರೆ ಮೊಲೆಯೂಡಿಸುತ್ತಾ ಹಾಕಿಸಿ. "ನೋಯುವುದೇ ಇಲ್ಲ" ಎನ್ನಬೇಡಿ, "ಸ್ವಲ್ಪ ಚುರುಕ್ ಎನ್ನುತ್ತದೆ, ನಾನಿದ್ದೇನೆ" ಎನ್ನಿ.

ಸೂಜಿಗೆ ತೋಳು ಒಡ್ಡುವುದು ನಮ್ಮ ಜಿಲ್ಲೆಗೆ ಹೊಸದಲ್ಲ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು 1960-61ರಲ್ಲಿ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕ್ಷಯರೋಗದ ಸಮೀಕ್ಷೆ ನಡೆಸಿದರು. ಮುಂಗೈಯ ಚರ್ಮದೊಳಗೆ ಸಣ್ಣ ಸೂಜಿಯಿಂದ ಪರೀಕ್ಷೆಯ ಮದ್ದು ಕೊಟ್ಟು, ಕೆಲವು ದಿನದ ಮೇಲೆ ಮತ್ತೆ ಬಂದು ಗುರುತನ್ನು ಅಳೆದುಕೊಂಡು ಹೋದರು. ಅಂದು ತೋಳು ಚಾಚಿದ ಹಳ್ಳಿಗರಿಂದ ಇಡೀ ದೇಶಕ್ಕೆ ಕ್ಷಯದ ವಿಷಯ ತಿಳಿವಳಿಕೆ ದೊರೆಯಿತು. ಈಗ ನಾಯಿ ಕಡಿತಕ್ಕೆ ಚರ್ಮದೊಳಗೆ ಹಾಕುವುದೂ ಅಂಥ ಸಣ್ಣ ಚುಚ್ಚೇ. ಅಜ್ಜ ಅಜ್ಜಿಯರು ದೇಶಕ್ಕಾಗಿ ಒಡ್ಡಿದ ತೋಳನ್ನು ನಾವು ನಮ್ಮ ಪ್ರಾಣಕ್ಕಾಗಿ ಒಡ್ಡಲಾರೆವೆ?

ನಾನು ಮೊದಲು ಹೇಳಿದ ಹಿರಿಯರನ್ನು ಅದೇ ದಿನ ಗಾಯ ತೊಳೆಸಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಮಲಗಿಸಿ ಹಾಕಿದರು. ಗಾಯಕ್ಕೆ ಸೀರಂ ಚುಚ್ಚುವಾಗ ಹಲ್ಲು ಕಚ್ಚಿ ನನ್ನ ಕೈ ಹಿಡಿದುಕೊಂಡರು. ಇನ್ನೊಬ್ಬರ ಸೂಜಿಯನ್ನೂ ನೋಡಲಾರದ ನಾನು ಗೋಡೆಯ ಕಡೆ ಮುಖ ಮಾಡಿದ್ದೆ. ತೋಳಿನವೆರಡೂ ಮುಗಿದಾಗ, "ಇಷ್ಟಕ್ಕೇ ಎರಡು ದಿನ ನಿದ್ದೆ ಕೆಡಿಸಿಕೊಂಡೆನಲ್ಲ" ಎಂದರು. ಉಳಿದ ದಿನಗಳನ್ನು ಮಗಳು ಗೋಡೆಯ ಕ್ಯಾಲೆಂಡರಿನಲ್ಲಿ ಸುತ್ತು ಹಾಕಿ ಇಟ್ಟಳು. ಒಂದೂ ತಪ್ಪಲಿಲ್ಲ.

ನೀವೂ ಹಾಗೆಯೇ ಮಾಡಿರಿ. ಮೊದಲನೆಯದನ್ನು ಹಾಕಿಸಿ, ಗಾಯ ಒಣಗಿತೆಂದು ಉಳಿದವನ್ನು ಬಿಡುವುದು, ಬಿತ್ತಿದ ಹೊಲಕ್ಕೆ ಅರ್ಧ ಬೇಲಿ ಹಾಕಿದಂತೆ. ಒಂದು ದಿನ ತಪ್ಪಿದರೆ ಮಾರನೆಯ ದಿನವೇ ಹೋಗಿ ಕೇಳಿರಿ. ದನಕುರಿಗಳಿಗೆ ನಾಯಿ ಕಚ್ಚಿದರೂ ಗಾಯ ತೊಳೆದು ಪಶುವೈದ್ಯರಿಗೆ ತಿಳಿಸಿರಿ.

ಭಯ ಇದ್ದರೆ ನಾಚಿಕೆ ಬೇಡ. ಒಬ್ಬರೇ ಹೋಗಲು ಅಂಜಿಕೆಯಾದರೆ ನನಗೆ ಹೇಳಿ ಕಳುಹಿಸಿ. ಜೊತೆಗೆ ಬರುತ್ತೇನೆ, ಇಬ್ಬರೂ ಬೇರೆ ಕಡೆ ನೋಡುತ್ತಾ ಕೂರೋಣ.