ಗಾಜಿನ ತೊಟ್ಟಿಯ ಸಿಗಡಿಯೂ ಅದರ ನೆರೆಹೊರೆಯೂ

ಸಿಗಡಿ ಎಂದೊಡನೆ ನಮಗೆ ನೆನಪಾಗುವುದು ಅಡಿಗೆಮನೆ. ಆದರೆ ಉಪ್ಪುನೀರಿನ ಗಾಜಿನ ತೊಟ್ಟಿಯಲ್ಲಿ ಬಣ್ಣದ ಮೀನುಗಳೊಡನೆ ಅಂದಕ್ಕಾಗಿ ಸಾಕುವ ಸಿಗಡಿಗಳೂ ಉಂಟು. ಅವನ್ನು ತರುವವರು ಮೊದಲು ವಿಚಾರಿಸಬೇಕಾದದ್ದು ಅವುಗಳ ಅಂದವನ್ನಲ್ಲ, ಅವುಗಳಿಗೆ ದೊರೆಯುವ ನೆರೆಹೊರೆಯನ್ನು.

ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್ ಸಾಗರದ ಹವಳದ ದಿಬ್ಬಗಳಲ್ಲಿ ‘ಕ್ಲೀನರ್’ ಸಿಗಡಿ ಎಂಬುದೊಂದಿದೆ. ಕೆಂಪು ಬೆನ್ನು, ಅದರ ನಡುವೆ ಉದ್ದಕ್ಕೂ ಒಂದು ಬಿಳಿಯ ಪಟ್ಟೆ. ಬಿಳಿಯ ಮೀಸೆಗಳನ್ನು ಆಡಿಸುತ್ತ ಅದು ಒಂದೆಡೆ ನಿಂತಿತೆಂದರೆ, ಕ್ಷೌರದಂಗಡಿಗೆ ಬಂದವರಂತೆ ಮೀನುಗಳು ಬಂದು ಮೈಯೊಡ್ಡುತ್ತವೆ. ಮೈಗಂಟಿದ ಪರೋಪಜೀವಿಗಳನ್ನೂ ಸತ್ತ ಚರ್ಮವನ್ನೂ ಸಿಗಡಿ ಹೆಕ್ಕಿ ತಿನ್ನುತ್ತದೆ. ಮೀನಿಗೆ ಆರೋಗ್ಯ, ಸಿಗಡಿಗೆ ಊಟ.

ಈ ಸ್ನೇಹ ಎಲ್ಲರೊಡನೆಯೂ ನಡೆಯದು. ಕ್ಲೌನ್ ಮೀನು, ಸಣ್ಣ ಗೋಬಿ ಮೀನುಗಳು ಒಳ್ಳೆಯ ಜೊತೆ. ಟ್ರಿಗರ್ ಮೀನು, ಸಿಂಹಮೀನು, ಹಾಕ್ ಮೀನುಗಳಿಗೆ ಸಿಗಡಿಯೇ ತುತ್ತು. ಸಿಗಡಿ ಸಿಗಡಿಗಳಲ್ಲಿಯೂ ಜಗಳವುಂಟು. ಕೆಂಪು ಬಿಳಿ ಪಟ್ಟೆಗಳ ‘ಬಾಕ್ಸರ್’ ಸಿಗಡಿಗಳು ಗಂಡು ಹೆಣ್ಣಿನ ಜೋಡಿಯಾಗಿದ್ದರೆ ಮಾತ್ರ ಒಂದೇ ತೊಟ್ಟಿಯಲ್ಲಿ ಬಾಳುತ್ತವೆ. ‘ಹಾರ್ಲೆಕ್ವಿನ್’ ಸಿಗಡಿಯ ಆಹಾರವೇ ನಕ್ಷತ್ರಮೀನು. ಇವೆರಡನ್ನೂ ಕೂಡಿಸಿದರೆ ಆಗುವುದೇನೆಂದು ಹೇಳಬೇಕಾಗಿಲ್ಲ.

ನನ್ನ ತೊಟ್ಟಿಯಲ್ಲಿ ಒಂದು ಬೆಳಿಗ್ಗೆ ಸಿಗಡಿ ಸತ್ತುಬಿದ್ದಿತ್ತು. ಮಕ್ಕಳು ಅತ್ತರು. ಎತ್ತಿ ನೋಡಿದರೆ ಬರಿಯ ಪೊರೆ! ಎರಡು ದಿನಗಳ ಮೇಲೆ ಕಲ್ಲಿನ ಸಂದಿಯಿಂದ ಅದು ಹೊಸ ಅಂಗಿ ತೊಟ್ಟು ಹೊರಬಂದಿತು. ಪೊರೆ ಕಳಚಿದಾಗ ಸಿಗಡಿಯ ಮೈ ಬಹಳ ಮೆತ್ತಗಿರುತ್ತದೆ. ಸಾಧುಮೀನೂ ಆಗ ಬಾಯಿ ಹಾಕೀತು. ಆದುದರಿಂದ ತೊಟ್ಟಿಯಲ್ಲಿ ಅಡಗಲು ಸಂದಿಗೊಂದಿಗಳುಳ್ಳ ಕಲ್ಲುಗಳು ಇರಲೇಬೇಕು.

ಇನ್ನೊಂದು ಸಲ ನನ್ನ ಅದೃಷ್ಟ ಅಷ್ಟು ಚೆನ್ನಾಗಿರಲಿಲ್ಲ. ಮೀನುಗಳ ಮೈಮೇಲೆ ಬಿಳಿ ಚುಕ್ಕೆ ರೋಗ ಕಾಣಿಸಿಕೊಂಡಿತು. ಆತುರಪಟ್ಟು ತಾಮ್ರ ಬೆರೆತ ಔಷಧಿಯನ್ನು ತೊಟ್ಟಿಗೇ ಸುರಿದೆ. ಮೀನುಗಳು ಗುಣವಾದವು, ಸಿಗಡಿ ಮತ್ತೆ ಏಳಲಿಲ್ಲ. ಈ ಬಾರಿ ಬಿದ್ದಿದ್ದುದು ಪೊರೆಯಲ್ಲ. ಮೀನಿಗೆ ಮದ್ದಾದ ತಾಮ್ರ ಸಿಗಡಿಗೆ ವಿಷ. ರೋಗ ಬಂದ ಮೀನನ್ನು ಬೇರೆ ತೊಟ್ಟಿಗೆ ಸಾಗಿಸಿ ಅಲ್ಲಿಯೇ ಔಷಧಿ ಕೊಡಬೇಕೆಂಬುದನ್ನು ಅಂದು ಕಲಿತೆ.

ಕಡಲಿನಲ್ಲಿ ನೆರೆಹೊರೆ ಹಿಡಿಸದಿದ್ದರೆ ಓಡಿಹೋಗಲು ದಾರಿಯುಂಟು. ಗಾಜಿನ ನಾಲ್ಕು ಗೋಡೆಗಳ ನಡುವೆ ಅದಿಲ್ಲ. ಅಲ್ಲಿ ಯಾರು ಯಾರೊಡನೆ ಬಾಳಬೇಕೆಂದು ಗೊತ್ತುಮಾಡುವವರು ನಾವು. ತಪ್ಪಿದರೆ ಹೊಣೆಯೂ ನಮ್ಮದೇ.