ಕಳ್ಳರ ಯಾದಿ ಬರೆದವರು ಯಾರು?

(ಗಿರಣಿ ಕಾರ್ಮಿಕರ ಹಾಗೂ ಸಣ್ಣ ವ್ಯಾಪಾರಸ್ಥರ ಅಭ್ಯಾಸಕೂಟದಲ್ಲಿ ಮಾಡಿದ ಭಾಷಣ)



ದರೋಡೆಖೋರರ ಕತೆ ಕೇಳುವದೆಂದರೆ ನಮಗೆಲ್ಲ ಬಲು ಹುರುಪು. ಸಿಂಧೂರ ಲಕ್ಷ್ಮಣನ ನಾಟಕವಿದ್ದರೆ ಬೆಳತನಕ ಕುಳಿತು ನೋಡುತ್ತೇವೆ. ಸರಕಾರ ಅವನನ್ನು ಡಕಾಯಿತನೆಂದು ಬರೆದುಕೊಂಡಿತು. ಜನ ಅವನ ಮೇಲೆ ನಾಟಕ ಕಟ್ಟಿದರು. ಒಬ್ಬನೇ ಮನುಷ್ಯನಿಗೆ ಎರಡು ಹೆಸರು ಹೇಗೆ ಬಂದವು? ಇಂದು ನಾನು ಮಾತಾಡಬೇಕೆಂದಿರುವದು ಕಳ್ಳರ ಬಗ್ಗೆ ಅಲ್ಲ, ಕಳ್ಳರ ಯಾದಿ ಬರೆದವರ ಬಗ್ಗೆ.

ಮೊದಲು ಹಲಗಲಿಯ ಮಾತು. ಅದು ಆಗ ಮುಧೋಳ ಸಂಸ್ಥಾನದ ಒಂದು ಹಳ್ಳಿ. 1857ರಲ್ಲಿ ಕಂಪನಿ ಸರಕಾರ ಆಯುಧಗಳ ಕಾಯದೆ ತಂದಿತು. ಆಯುಧ ಇದ್ದವರು ಅದನ್ನು ತಂದು ತೋರಿಸಬೇಕು, ಪರವಾನಗಿ ಪಡೆಯಬೇಕು, ಇಲ್ಲವಾದರೆ ಒಪ್ಪಿಸಬೇಕು. ಬೇಡರಿಗೆ ಆಯುಧವೆಂದರೆ ಒಕ್ಕಲಿಗನಿಗೆ ನೇಗಿಲು ಇದ್ದಂತೆ, ನೇಕಾರನಿಗೆ ಮಗ್ಗ ಇದ್ದಂತೆ. ಅವರು ಕೊಡಲಿಲ್ಲ. ಅದೇ ವರ್ಷ ನವೆಂಬರದಲ್ಲಿ ದಂಡು ಬಂದು ಊರಿಗೆ ಬೆಂಕಿ ಇಟ್ಟಿತು. ಮುಂದೆ ಹತ್ತೊಂಬತ್ತು ಜನರನ್ನು ಗಲ್ಲಿಗೇರಿಸಿದರು. ನಿನ್ನೆ ಬೇಟೆಗಾರನಾಗಿದ್ದವನು ಇಂದು ಗುನ್ಹೇಗಾರನಾದ. ಅವನು ಬದಲಾಗಿರಲಿಲ್ಲ, ಕಾಯದೆ ಬದಲಾಗಿತ್ತು. ಆ ಬೇಡರ ಮೇಲೆ ಹುಟ್ಟಿದ ಲಾವಣಿಯನ್ನು ಮುಂದೆ ಬರೆದುಕೊಂಡು ಅಚ್ಚು ಹಾಕಿಸಿದವನು ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿ.

ಎರಡನೆಯ ಮಾತು ಸಣ್ಣ ವ್ಯಾಪಾರಸ್ಥರು ಲಕ್ಷ್ಯಗೊಟ್ಟು ಕೇಳಬೇಕಾದದ್ದು. ಲಂಬಾಣಿಗರು ಯಾರು? ಸಾವಿರಾರು ಎತ್ತುಗಳ ಮೇಲೆ ಧಾನ್ಯ ಹೇರಿಕೊಂಡು ಊರೂರಿಗೆ ಮುಟ್ಟಿಸುತ್ತಿದ್ದ ವ್ಯಾಪಾರಿಗಳು. ಇಂಗ್ಲಿಷರ ದಂಡಿಗೂ ಕಾಳುಕಡಿ ಒದಗಿಸಿದವರು ಇವರೇ. ಕೊರವರು ಕರಾವಳಿಯ ಉಪ್ಪನ್ನು ಕತ್ತೆ, ಎತ್ತುಗಳ ಮೇಲೆ ಹೇರಿ ಒಳನಾಡಿಗೆ ತಂದು, ಅದಕ್ಕೆ ಬದಲು ಧಾನ್ಯ ಒಯ್ಯುತ್ತಿದ್ದವರು. ಉಪ್ಪಿನ ಮೇಲೆ ಸರಕಾರ ಕೈ ಇಟ್ಟಿತು. ಗಾಡಿರಸ್ತೆಗಳಾದವು. 1876ರಿಂದ 78ರ ವರೆಗೆ ಭೀಕರ ಬರ ಬಿತ್ತು. 1880ರ ದಶಕದಲ್ಲಿ ನಮ್ಮ ಕಡೆಗೆ ರೇಲ್ವೆ ಬಂತು. ಎತ್ತಿನ ಹೇರನ್ನು ಯಾರು ಕೇಳಬೇಕು? ವ್ಯಾಪಾರ ಮುರಿಯಿತು, ಅಲೆಯುವದು ಉಳಿಯಿತು. ಅಂಗಡಿ ಇಲ್ಲದ, ಹೊಲ ಇಲ್ಲದ, ಊರು ಇಲ್ಲದ ಮನುಷ್ಯ ಫೌಜದಾರನ ಕಣ್ಣಿಗೆ ಏನಾಗಿ ಕಾಣಿಸುತ್ತಾನೆ? ಕಳ್ಳನಾಗಿ ಕಾಣಿಸುತ್ತಾನೆ.

ಕಣ್ಣಿಗೆ ಕಂಡದ್ದನ್ನು ಕಾಯದೆ ಮಾಡಿದ್ದು 1871ರಲ್ಲಿ. ಗುನ್ಹೇಗಾರ ಜಾತಿಗಳ ಕಾಯದೆಯೆಂದು ಅದರ ಹೆಸರು. ಬಡಿಗನ ಮಗ ಬಡಿಗನಾಗುವಂತೆ ಕಳ್ಳನ ಮಗ ಕಳ್ಳನೇ ಆಗುತ್ತಾನೆಂಬುದು ಅದರ ಹಿಂದಿನ ತರ್ಕ. ಒಂದು ಜಾತಿಯನ್ನು ಗುನ್ಹೇಗಾರ ಜಾತಿಯೆಂದು ಸರಕಾರ ಜಾಹೀರು ಮಾಡಿದರೆ ಮುಗಿಯಿತು. ಅದನ್ನು ಕೋರ್ಟಿನಲ್ಲಿ ಪ್ರಶ್ನಿಸುವಂತಿಲ್ಲ. ಹೆಸರು ನೋಂದಿಸಬೇಕು, ಹಾಜರಿ ಕೊಡಬೇಕು, ಪಾಸು ಇಲ್ಲದೆ ಗಡಿ ದಾಟಬಾರದು. ಮೊದಲು ಉತ್ತರ ಹಿಂದುಸ್ತಾನದಲ್ಲಿ ಜಾರಿಯಾದ ಇದನ್ನು 1911ರಲ್ಲಿ ಬ್ರಿಟಿಷ್ ಇಂಡಿಯಾಕ್ಕೆಲ್ಲ ಹಬ್ಬಿಸಿದರು, ಬೆರಳಚ್ಚನ್ನೂ ಸೇರಿಸಿದರು. 1924ರಲ್ಲಿ ಮತ್ತೊಮ್ಮೆ ಬಿಗಿ ಮಾಡಿದರು. ತಂದೆತಾಯಿಗಳಿಂದ ಮಕ್ಕಳನ್ನು ಬೇರೆ ಮಾಡುವ ಅಧಿಕಾರವೂ ಸರಕಾರಕ್ಕಿತ್ತು.

ಈಗ ಗಿರಣಿಯ ಮಾತಿಗೆ ಬರುತ್ತೇನೆ. ವಿಜಾಪುರ, ಹುಬ್ಬಳ್ಳಿ, ಗದಗ, ಸೊಲ್ಲಾಪುರಗಳಲ್ಲಿ ಸೆಟ್ಲಮೆಂಟುಗಳಾದವು. ಕೊರವರು, ಗಂಟಿಚೋರರು, ಹರಣಶಿಕಾರಿಗಳು, ಛಪ್ಪರಬಂದರು, ಹೀಗೆ ಹಲವು ಜನಾಂಗದ ಸಂಸಾರಗಳನ್ನು ತಂತಿಬೇಲಿಯ ಒಳಗೆ ತಂದಿಟ್ಟರು. ಹುಬ್ಬಳ್ಳಿ ಗದಗಗಳಲ್ಲಿ ಆ ಓಣಿಗಳಿಗೆ ಇಂದಿಗೂ ಸೆಟ್ಲಮೆಂಟ್ ಎಂದೇ ಹೆಸರಿದೆ. ಸೆಟ್ಲಮೆಂಟುಗಳನ್ನು ಗಿರಣಿ, ಕಾರಖಾನೆ ಇದ್ದ ಊರುಗಳಲ್ಲಿ ಯಾಕೆ ಮಾಡಿದರು? ದುಡಿಸಿ ಸುಧಾರಿಸುತ್ತೇವೆಂದು ಅಧಿಕಾರಿಗಳು ಹೇಳಿದರು. ಕೆಲಸ ಸಿಕ್ಕಿತು, ಮಕ್ಕಳಿಗೆ ಸಾಲೆಯೂ ಆಯಿತು, ಅದು ಸುಳ್ಳಲ್ಲ. ಆದರೆ ಲೆಕ್ಕದ ಇನ್ನೊಂದು ಬದಿ ನೋಡಿರಿ. ನಿಮಗೆ ಕೂಲಿ ಸಾಲದಿದ್ದರೆ ಬೇರೆ ಗಿರಣಿಗೆ ಹೋಗಬಹುದು, ಮುಷ್ಕರ ಹೂಡಬಹುದು. ರಾತ್ರಿ ಬೇಲಿಯೊಳಗೆ ಹಾಜರಿ ಕೊಡಬೇಕಾದವನು ಎಲ್ಲಿಗೆ ಹೋಗಬೇಕು? ಕೆಲಸ ಬಿಟ್ಟು ಗಡಿ ದಾಟಿದರೆ ಅದೇ ಗುನ್ಹೆ. ಮಾಲೀಕನಿಗೆ ಇದಕ್ಕಿಂತ ಅಗ್ಗದ, ಇದಕ್ಕಿಂತ ಬಾಯಿಲ್ಲದ ಕೂಲಿಗಾರ ಬೇಕೆ? ಒಬ್ಬನ ಕಾಲಿಗೆ ಬೇಡಿ ಇದ್ದಾಗ ಅವನ ಪಕ್ಕದಲ್ಲಿ ದುಡಿಯುವವನ ಕೂಲಿಯೂ ಏರುವದಿಲ್ಲ.

ನಿಮ್ಮಲ್ಲಿ ಕೆಲವರು ಕೇಳಬಹುದು: ‘ಹಾಗಾದರೆ ಕಳವೇ ಆಗುತ್ತಿರಲಿಲ್ಲವೇ? ಸಂತೆಯಿಂದ ಬರುವ ವ್ಯಾಪಾರಿಯ ಗಂಟು ಹೋಗುತ್ತಿರಲಿಲ್ಲವೇ?’ ಆಗುತ್ತಿತ್ತು, ಹೋಗುತ್ತಿತ್ತು. ದಾರಿಗಳ್ಳನ ಕೈಗೆ ಸಿಕ್ಕು ಅಳುತ್ತಿದ್ದವನು ಬಡ ವ್ಯಾಪಾರಿಯೇ ಹೊರತು ದೊಡ್ಡ ಸಾಹುಕಾರನಲ್ಲ. ದರೋಡೆಖೋರನನ್ನು ದೇವರು ಮಾಡಿ ಕೂಡಿಸಿರೆಂದು ನಾನು ಹೇಳುವದಿಲ್ಲ. ಕದ್ದವನಿಗೆ ಶಿಕ್ಷೆಯಾಗಲಿ. ಆದರೆ ಕದ್ದದ್ದಕ್ಕೆ ಸಾಕ್ಷಿ ಬೇಕು. ಹುಟ್ಟು ಸಾಕ್ಷಿಯಲ್ಲ. ಹತ್ತು ಜನ ಕದ್ದರೆಂದು ಹತ್ತು ಸಾವಿರ ಜನರ ಹಾಜರಿ ತೆಗೆದುಕೊಳ್ಳುವದು ನ್ಯಾಯವಾದರೆ, ಕಾಳಸಂತೆ ಮಾಡಿದ ಹತ್ತು ಜನರ ಸಲುವಾಗಿ ಪೇಟೆಯ ಎಲ್ಲ ಅಂಗಡಿಕಾರರೂ ದಿನಾಲು ಠಾಣೆಗೆ ಹೋಗಿ ಹೆಬ್ಬೆಟ್ಟು ಒತ್ತಬೇಕಾದೀತು. ಒಪ್ಪುತ್ತೀರಾ?

ಸ್ವಾತಂತ್ರ್ಯ ಬಂದದ್ದು 1947ರ ಆಗಸ್ಟ್ 15ಕ್ಕೆ. ಈ ಕಾಯದೆ ದೇಶಕ್ಕೆಲ್ಲ ರದ್ದಾದದ್ದು 1952ರ ಆಗಸ್ಟ್ 31ಕ್ಕೆ. ಅಂದರೆ ದೇಶ ಬಿಡುಗಡೆಯಾದ ಮೇಲೂ ಐದು ವರ್ಷ ಕೆಲವರ ಬಿಡುಗಡೆ ಬಾಕಿ ಇತ್ತು. ಅದರ ಜಾಗದಲ್ಲಿ ಹಲವು ರಾಜ್ಯಗಳು ರೂಢಿಗತ ಅಪರಾಧಿಗಳ ಕಾಯದೆ ತಂದವು. ಜಾತಿಯ ಹೆಸರು ಹೋಯಿತು, ಪೋಲಿಸರ ಹಳೆಯ ಅಭ್ಯಾಸ ಹೋಗಲಿಲ್ಲ. 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟು ಜೈಲಿನ ದಫ್ತರಗಳಲ್ಲಿಯ ಜಾತಿಯ ಅಂಕಣ ತೆಗೆದುಹಾಕಿರೆಂದು ಹೇಳಬೇಕಾಯಿತು. ಈ ಜನಾಂಗದವರನ್ನು ಮನಬಂದಂತೆ ಹಿಡಿಯಬಾರದೆಂದೂ ಪೋಲಿಸರಿಗೆ ತಿಳಿಸಬೇಕಾಯಿತು. ಎಪ್ಪತ್ತೆರಡು ವರ್ಷಗಳ ಮೇಲೆ! ಕಾಗದದ ಮೇಲಿನ ಮಾತು ಅಳಿಸುವದಕ್ಕೇ ಇಷ್ಟು ದಿನ ಹಿಡಿದರೆ, ಮನಸ್ಸಿನಲ್ಲಿ ಬರೆದದ್ದನ್ನು ಅಳಿಸಲು ಎಷ್ಟು ದಿನ ಬೇಕು?

ಅದು ನಮ್ಮ ಕೆಲಸ, ಬಂಧುಗಳೇ. ಓಣಿಯಲ್ಲಿ ಒಂದು ಕಳವಾದರೆ ‘ಸೆಟ್ಲಮೆಂಟಿನವರದೇ ಕೆಲಸ’ ಎಂಬ ಮಾತು ಮೊದಲು ಹುಟ್ಟುವದು ಠಾಣೆಯಲ್ಲಲ್ಲ, ನಮ್ಮ ಚಹದ ಅಂಗಡಿಗಳಲ್ಲಿ. ಆ ಮಾತು ಬಂದಾಗ ‘ನೀನು ಕಂಡೆಯಾ?’ ಎಂದು ಒಬ್ಬರಾದರೂ ಕೇಳಿರಿ. ಆ ಮನೆತನದ ಹುಡುಗ ಕೆಲಸ ಕೇಳಿ ಬಂದರೆ ಅವನ ಕೈಯ ಕಸಬು ನೋಡಿರಿ, ಕುಲ ಕೇಳಬೇಡಿರಿ. ಬಾಡಿಗೆಗೆ ಮನೆ ಕೇಳಿದರೆ ಎಲ್ಲರಿಂದ ತೆಗೆದುಕೊಳ್ಳುವಷ್ಟೇ ಬಾಡಿಗೆ ತೆಗೆದುಕೊಳ್ಳಿರಿ. ಸಂಘದಲ್ಲಿ ನಿಮ್ಮ ಪಕ್ಕಕ್ಕೆ ಕೂಡಿಸಿಕೊಳ್ಳಿರಿ.

ಯಾದಿ ಬರೆದವರು ಕಡಲಾಚೆ ಹೋದರು. ಅದನ್ನು ಓದಿ ಹೇಳುವ ಕೆಲಸವನ್ನು ನಾವು ವಹಿಸಿಕೊಳ್ಳುವದು ಬೇಡ.